ಹೊಳೆಯ ಗುಂಟ ನಾಲ್ಕು ದೇಶ

ಹೊರದೇಶ ಸುತ್ತಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ‘ಎಷ್ಟು ದೇಶ ಆಯ್ತು?’ ಎಂದು. ಅದರ ಬೆನ್ನಿಗೇ ‘ಒಟ್ಟು ಎಷ್ಟು ಬಿತ್ತು?’ ಎಂಬ ಪ್ರಶ್ನೆ ಬರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ದೇಶವೊಂದಕ್ಕೆ ಇಷ್ಟು ಎಂದು ಹೇಳುವುದೇ ಅಗ್ಗದ ಪ್ರವಾಸದ ಅಳತೆಯಾಗಿಬಿಟ್ಟಿದೆ. ಥಾಯ್ಲೆಂಡಿನ ಉತ್ತರದ ಮೂಲೆಯಲ್ಲಿ ಮೆಕಾಂಗ್ ನದಿಯನ್ನು ಹಿಡಿದು, ಲಾವೋಸ್, ಕಾಂಬೋಡಿಯಾಗಳ ಮೂಲಕ ವಿಯೆಟ್ನಾಮಿನ ಕಡಲಂಚಿನವರೆಗೆ ಇಳಿಯುವ ದಾರಿಯೊಂದಿದೆ. ಮನೆಗೆ ಬಂದು ಚೀಲ ಅಟ್ಟಕ್ಕೆ ಸೇರಿದ ಮೇಲೂ ಈ ದಾರಿ ತಲೆಯಿಂದ ಇಳಿಯುವುದಿಲ್ಲ. ನಾಲ್ಕು ದೇಶಗಳ ಈ ಪಯಣದಲ್ಲಿ ಎಲ್ಲಿ ಒಂದು ದೇಶ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಖಚಿತವಾಗಿ ಹೇಳಲು ಬಾರದು. ಎಣಿಸಲು ಹೊರಟರೆ ಎಣಿಕೆಯೇ ಅರ್ಥ ಕಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ: ಕಡಿಮೆ ದುಡ್ಡಿನಲ್ಲಿ, ಯಾವ ಕಂಪನಿಯ ಹಂಗೂ ಇಲ್ಲದೆ ಹಲವು ದೇಶ ನೋಡಬೇಕೆನ್ನುವವರು ದೇಶಗಳ ಪಟ್ಟಿ ಮಾಡಿಕೊಂಡು ಕೂರಬಾರದು, ಒಂದು ದಾರಿಯನ್ನು ಹಿಡಿಯಬೇಕು. ದುಡ್ಡು ಉಳಿಯುವುದೂ ಅದರಿಂದ, ಕಂಡದ್ದು ಅರ್ಥವಾಗುವುದೂ ಅದರಿಂದ.

ದುಡ್ಡಿನ ಮಾತು ಮೊದಲು. ಆಗ್ನೇಯ ಏಷ್ಯಾದಲ್ಲಿ ಊಟ, ಉಳಿಯುವ ಜಾಗ ಎರಡೂ ದುಬಾರಿಯಲ್ಲ. ಹಾಗಿದ್ದೂ ಬಜೆಟ್ ಕೈಮೀರುತ್ತದೆ, ಏಕೆಂದರೆ ಖರ್ಚು ಇರುವುದು ಊರಲ್ಲಲ್ಲ, ಊರಿಂದೂರಿಗೆ ಜಿಗಿಯುವುದರಲ್ಲಿ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿರಬಹುದು. ಆದರೆ ಊರಾಚೆಯ ನಿಲ್ದಾಣಕ್ಕೆ ಟ್ಯಾಕ್ಸಿ, ಲಗೇಜಿಗೆ ಬೇರೆ ಹಣ, ಇಳಿದ ಮೇಲೆ ಮತ್ತೊಂದು ಟ್ಯಾಕ್ಸಿ, ಹೊಸ ಸಿಮ್, ನೋಟು ಬದಲಿಸುವಾಗಿನ ಕಡಿತ, ಇವೆಲ್ಲದರ ನಡುವೆ ಕೈಬಿಟ್ಟ ಅರ್ಧ ದಿನ. ಇದಕ್ಕಿಂತ ದೊಡ್ಡದು ಊರು ಗೊತ್ತಿಲ್ಲದ್ದಕ್ಕೆ ತೆರುವ ದಂಡ. ಯಾವ ಊರಿನಲ್ಲೇ ಆಗಲಿ, ಮೊದಲ ದಿನ ಕಣ್ಣಿಗೆ ಬಿದ್ದ ಹೋಟೆಲಿನಲ್ಲಿ ಉಣ್ಣುತ್ತೇವೆ, ಕೇಳಿದಷ್ಟು ಬಾಡಿಗೆ ಕೊಡುತ್ತೇವೆ. ಮೂರನೆಯ ದಿನಕ್ಕೆ ಓಣಿಯ ಹಿಂದಿನ ಮಾರುಕಟ್ಟೆ ಗೊತ್ತಾಗಿರುತ್ತದೆ, ಸ್ಥಳೀಯರು ಹತ್ತುವ ಬಸ್ಸು ಗೊತ್ತಾಗಿರುತ್ತದೆ, ಅದೇ ದಿನಚರಿಗೆ ಅರ್ಧ ಖರ್ಚು ಸಾಕಾಗುತ್ತದೆ. ಹದಿನೈದು ದಿನದಲ್ಲಿ ಏಳು ಊರು ನೋಡುವುದೆಂದರೆ ಏಳು ಸಲ ‘ಮೊದಲ ದಿನ’ದ ದಂಡ ತೆತ್ತಂತೆ. ಅದೂ ಅಲ್ಲದೆ, ಹೊರಟ ಜಾಗಕ್ಕೇ ಮರಳುವ ಟಿಕೆಟ್ ಕೊಂಡವರು ಕೊನೆಯ ಎರಡು ದಿನ ಬಂದ ದಾರಿಯನ್ನೇ ತುಳಿಯಬೇಕಾಗುತ್ತದೆ. ಬ್ಯಾಂಕಾಕಿನಲ್ಲಿ ಇಳಿದು ಹೋ ಚಿ ಮಿನ್ ನಗರದಿಂದ ಮರಳುವಂತೆ ಟಿಕೆಟ್ ಮಾಡಿಸಿದರೆ, ನಡುವೆ ಇರುವುದೆಲ್ಲ ಒಂದೇ ಗೆರೆ. ಆ ಗೆರೆಯನ್ನು ನದಿ ಆಗಲೇ ಎಳೆದಿಟ್ಟಿದೆ.

ಥಾಯ್ಲೆಂಡಿನ ಚಿಯಾಂಗ್ ಖೋಂಗಿನಲ್ಲಿ ನಿಂತರೆ ಎದುರು ದಂಡೆಯಲ್ಲಿ ಲಾವೋಸಿನ ಹುವಾಯ್ ಸಾಯ್ ಕಾಣುತ್ತದೆ. 2013ರ ಕೊನೆಯಲ್ಲಿ ಸೇತುವೆ ತೆರೆಯುವವರೆಗೂ ಪ್ರವಾಸಿಗರು ಪುಟ್ಟ ದೋಣಿಯಲ್ಲೇ ಆಚೆಗೆ ಹೋಗುತ್ತಿದ್ದರು. ಈಗ ಬಸ್ಸು ದಾಟಿಸುತ್ತದೆ. ಥಾಯ್ಲೆಂಡಿನಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡುವ ವಾಹನ ಲಾವೋಸಿನಲ್ಲಿ ಬಲಕ್ಕೆ ಓಡಬೇಕು, ಹಾಗಾಗಿ ಸೇತುವೆಯ ಕೊನೆಯಲ್ಲಿ ಗಾಡಿಗಳು ಮಗ್ಗುಲು ಬದಲಿಸುತ್ತವೆ. ಗಡಿ ಎಂಬುದು ಕಣ್ಣಿಗೆ ಕಾಣುವುದು ಅಷ್ಟರಲ್ಲೇ. ಮಾತು ಬದಲಾಗುವುದಿಲ್ಲ ಎಂದೇ ಹೇಳಬಹುದು. ನದಿಯ ಪಶ್ಚಿಮಕ್ಕೆ, ಥಾಯ್ಲೆಂಡಿನ ಈಶಾನ್ಯದ ಇಸಾನ್ ಸೀಮೆಯಲ್ಲಿ ಲಾವೋ ಮಾತಾಡುವವರ ಸಂಖ್ಯೆ ಲಾವೋಸ್ ದೇಶದಲ್ಲಿರುವವರಿಗಿಂತ ಹೆಚ್ಚು. 1893ರಲ್ಲಿ ಫ್ರೆಂಚರು ಸಯಾಮಿನ, ಅಂದರೆ ಅಂದಿನ ಥಾಯ್ಲೆಂಡಿನ, ಮೇಲೆ ಒತ್ತಡ ಹೇರಿ ಒಪ್ಪಂದ ಮಾಡಿಸಿಕೊಂಡಾಗ, ಅದುವರೆಗೆ ಎರಡೂ ದಂಡೆಯ ಜನರಿಗೆ ಬೀದಿಯಂತಿದ್ದ ನದಿ ಬೇಲಿಯಾಯಿತು. 1956ರಲ್ಲಿ ಕಾಸರಗೋಡು ಗೆರೆಯ ಆಚೆಗೆ ಹೋದದ್ದನ್ನು ಬಲ್ಲ ನಮಗೆ, ಸೊಲ್ಲಾಪುರ, ಅಕ್ಕಲಕೋಟೆಗಳ ಸಂತೆಯಲ್ಲಿ ಕನ್ನಡ ಕೇಳುವ ನಮಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಬ್ಯಾಂಕಾಕಿನಿಂದ ವಿಯೆಂಟಿಯಾನಿಗೆ ವಿಮಾನದಲ್ಲಿ ಹೋದವರಿಗೆ ಇದು ತಿಳಿಯುವ ದಾರಿಯೇ ಇಲ್ಲ. ಅವರ ಕಣ್ಣಿಗೆ ಎರಡು ರಾಜಧಾನಿಗಳು ಬೀಳುತ್ತವೆ, ಎರಡು ಬಗೆಯ ನೋಟು, ಎರಡು ಬಾವುಟ. ನಡುವಿನ ಒಂದೇ ಜನ ತಪ್ಪಿಹೋಗುತ್ತಾರೆ.

ಹುವಾಯ್ ಸಾಯಿಯಿಂದ ಲುವಾಂಗ್ ಪ್ರಬಾಂಗಿಗೆ ಹೋಗುವ ನಿಧಾನ ದೋಣಿಗೆ ಎರಡು ದಿನ ಬೇಕು, ನಡುವಿನ ರಾತ್ರಿ ಪಾಕ್ ಬೆಂಗ್ ಎಂಬ ಇಳಿಜಾರಿನ ಊರಿನಲ್ಲಿ. ಉದ್ದನೆಯ ಮರದ ದೋಣಿ, ಮೇಲೆ ಚಾವಣಿ, ಒಳಗೆ ಹಳೇ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ಹಿಂಬದಿಯಲ್ಲಿ ದೋಣಿಯವನ ಸಂಸಾರ: ಒಲೆ, ಚಾಪೆ, ಒಣಗಲು ಹಾಕಿದ ಬಟ್ಟೆ. ಯಾವುದೋ ಮರಳದಿಬ್ಬದ ಬಳಿ ದೋಣಿ ಮೂತಿ ತಿರುಗಿಸುತ್ತದೆ. ಹೆಂಗಸೊಬ್ಬಳು ಅಕ್ಕಿಚೀಲದೊಂದಿಗೆ ಇಳಿಯುತ್ತಾಳೆ, ದಿಬ್ಬದ ಮೇಲೆ ಕಾಯುತ್ತಿದ್ದ ಮಕ್ಕಳು ಚೀಲ ಹೊರಲು ಓಡಿಬರುತ್ತಾರೆ. ಊರು ಕಾಣುವುದಿಲ್ಲ, ಊರಿಗೆ ಹೋಗುವ ಕಾಲುದಾರಿ ಮಾತ್ರ ಕಾಣುತ್ತದೆ. ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. 2021ರ ಡಿಸೆಂಬರಿನಲ್ಲಿ ಚೀನಾ–ಲಾವೋಸ್ ರೈಲು ಶುರುವಾಗಿದೆ, ವಿಯೆಂಟಿಯಾನಿನಿಂದ ಲುವಾಂಗ್ ಪ್ರಬಾಂಗಿಗೆ ಸುಮಾರು ಎರಡೇ ತಾಸು. ಲಾವೋ ಜನರೇ ಸಂತೋಷದಿಂದ ರೈಲು ಹತ್ತುತ್ತಿರುವಾಗ ದೋಣಿಯ ನಿಧಾನವನ್ನು ಹಾಡಿ ಹೊಗಳುವುದು ಹೊರಗಿನವರ ಹಳಹಳಿಕೆಯಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆಸ್ಪತ್ರೆಗೆ ಹೋಗಬೇಕಾದ ಲಾವೋ ರೈತನಿಗೆ ರೈಲು ವರ, ಅದನ್ನು ಅಲ್ಲಗಳೆಯುವ ಹಕ್ಕು ಯಾವ ಪ್ರವಾಸಿಗನಿಗೂ ಇಲ್ಲ. ಆದರೆ ರೈತನ ತುರ್ತು ಪ್ರವಾಸಿಗನಿಗಿಲ್ಲ. ಆತ ಹೋಗುವುದೇ ನೋಡಲಿಕ್ಕೆ. ಆ ರೈಲು ದಾರಿಯ ಬಹುಪಾಲನ್ನು ಸುರಂಗ ಮತ್ತು ಸೇತುವೆಗಳಲ್ಲೇ ಕಳೆಯುತ್ತದೆ. ಬೆಟ್ಟವನ್ನು ಕೊರೆದು ಹೋಗುವವರಿಗೆ ಬೆಟ್ಟ ಕಾಣುವುದು ಹೇಗೆ? ಮೇಲಾಗಿ ಲೆಕ್ಕದ ದೃಷ್ಟಿಯಿಂದಲೂ ದೋಣಿಯ ಎರಡು ದಿನ ಬರೀ ಪ್ರಯಾಣವಲ್ಲ. ನೋಡುವ ಎರಡು ದಿನವೂ ಅದೇ, ದಾಟುವ ಎರಡು ದಿನವೂ ಅದೇ.

ಲುವಾಂಗ್ ಪ್ರಬಾಂಗಿನ ಬೆಳಗು ಭಿಕ್ಷೆಯಿಂದ ಆರಂಭ. ಸೂರ್ಯ ಮೂಡುವ ಹೊತ್ತಿಗೆ ವಿಹಾರಗಳಿಂದ ಕಾವಿಯುಟ್ಟ ಭಿಕ್ಷುಗಳು ಸಾಲಾಗಿ ಬರುತ್ತಾರೆ. ರಸ್ತೆಯಂಚಿನಲ್ಲಿ ಚಾಪೆ ಹಾಸಿ ಕುಳಿತ ಹೆಂಗಸರು ಬಿದಿರಿನ ಪುಟ್ಟ ಬುಟ್ಟಿಯಿಂದ ಚಿಟಿಕೆ ಚಿಟಿಕೆ ಅಂಟನ್ನ ತೆಗೆದು ಪ್ರತಿಯೊಬ್ಬರ ಪಾತ್ರೆಗೂ ಹಾಕುತ್ತಾರೆ. ಈ ಅಂಟನ್ನವೇ, ಅವರ ಮಾತಿನಲ್ಲಿ ‘ಖಾವ್ ನಿಯಾವ್’, ಇಸಾನ್ ಮತ್ತು ಲಾವೋಸಿನ ಜೀವಾಳ. ನೆನೆಸಿದ ಅಕ್ಕಿಯನ್ನು ನೀರಿನಲ್ಲಿ ಕುದಿಸುವುದಿಲ್ಲ, ಬಿದಿರ ಕುಕ್ಕೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಚಮಚವಿಲ್ಲ. ಕೈಯಲ್ಲಿ ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ‘ಚೆವ್’ ಎಂಬ ಖಾರದ ಚಟ್ನಿಗೆ ಅದ್ದಿ ತಿನ್ನುತ್ತಾರೆ. ಮಂಡ್ಯ, ಹಾಸನದ ಕಡೆಯವರಿಗೆ ಈ ಕೈಚಳಕ ಹೊಸದಲ್ಲ. ಮುದ್ದೆ ಮುರಿದು ಸಾರಿಗೆ ಅದ್ದುವ ಬೆರಳುಗಳೇ ಇವು, ಮುದ್ದೆಯನ್ನು ನುಂಗುತ್ತೇವೆ, ಇದನ್ನು ಅಗಿಯಬೇಕು ಎಂಬುದಷ್ಟೇ ವ್ಯತ್ಯಾಸ. ನದಿಯ ಗುಂಟ ಕೆಳಗಿಳಿದಂತೆ, ಕಾಂಬೋಡಿಯಾದ ಕಡೆಗೆ ಬಂದಂತೆ, ಬುಟ್ಟಿ ಮರೆಯಾಗಿ ತಟ್ಟೆಯ ಮೇಲೆ ಉದುರನ್ನ ಬರುತ್ತದೆ, ಅಲ್ಲಿ ಅಂಟಕ್ಕಿ ಸಿಹಿತಿಂಡಿಗೆ ಸೀಮಿತ. ಅನ್ನದ ಗಡಿ ಒಂದು ಕಡೆ, ರಾಜ್ಯದ ಗಡಿ ಇನ್ನೊಂದು ಕಡೆ. ಇಲ್ಲಿ ಸಸ್ಯಾಹಾರಿಗಳ ಪ್ರಶ್ನೆ ಬರುತ್ತದೆ, ನಮ್ಮವರಲ್ಲಿ ಬಹಳಷ್ಟು ಮಂದಿ ಸ್ವತಂತ್ರ ಪ್ರವಾಸಕ್ಕೆ ಹಿಂಜರಿಯುವುದೇ ಈ ಕಾರಣಕ್ಕೆ. ಹೆದರಿಕೆ ಸುಳ್ಳಲ್ಲ: ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುವ ಸೀಮೆ ಇದು. ‘ಮಾಂಸ ಬೇಡ’ ಎಂದರೆ ಸಾಲದು. ಆದರೆ ಬೌದ್ಧರ ವ್ರತದ ಊಟಕ್ಕೆ ಈ ನಾಡುಗಳಲ್ಲಿ ಹೆಸರೇ ಇದೆ. ಥಾಯ್ಲೆಂಡ್, ಲಾವೋಸಿನಲ್ಲಿ ‘ಜೇ’ ಎಂದರೆ, ವಿಯೆಟ್ನಾಮಿನಲ್ಲಿ ‘ಚಾಯ್’ ಎಂದರೆ, ಅಡುಗೆಯವಳಿಗೆ ತಕ್ಷಣ ತಿಳಿಯುತ್ತದೆ. ವಿಯೆಟ್ನಾಮಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಚಾಯ್ ಊಟ ಮಾಡುವವರು ಹೇರಳ. ಪಂಚಾಂಗ ನೋಡಿ ಪ್ರವಾಸ ಹೊರಡುವ ಅಭ್ಯಾಸ ಇಲ್ಲಿ ಬೇರೆಯೇ ರೀತಿಯಲ್ಲಿ ಫಲ ಕೊಡುತ್ತದೆ.

ಲುವಾಂಗ್ ಪ್ರಬಾಂಗಿನ ಕೆಳಗೆ ನದಿಗೆ ಅಡ್ಡಲಾಗಿ ಸಾಯಬೂರಿ ಅಣೆಕಟ್ಟು ನಿಂತಿದೆ. 2019ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಸಾಮರ್ಥ್ಯ 1,285 ಮೆಗಾವಾಟ್, ಅದರ ಬಹುಪಾಲು ಹೋಗುವುದು ಥಾಯ್ಲೆಂಡಿಗೆ. ನದಿಯ ಮೇಲ್ಭಾಗದಲ್ಲಿ ಚೀನಾ ಕಟ್ಟಿದ ಅಣೆಕಟ್ಟುಗಳ ಸಾಲೇ ಇದೆ. ನೀರು, ಮೀನು, ಹೂಳು ಹಂಚಿಕೊಳ್ಳುವ ಬಗೆಯನ್ನು ಮಾತಾಡಿ ತೀರ್ಮಾನಿಸಲು ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಮ್ ಸೇರಿ 1995ರಲ್ಲಿ ಮೆಕಾಂಗ್ ನದಿ ಆಯೋಗ ಮಾಡಿಕೊಂಡವು. ಚೀನಾ ಅದರ ಸದಸ್ಯ ದೇಶವಲ್ಲ. ಕನ್ನಂಬಾಡಿಯ ನೀರಿನ ಮಟ್ಟವನ್ನು ಆಗಸ್ಟ್ ತಿಂಗಳಲ್ಲಿ ದಿನಾ ಪತ್ರಿಕೆಯಲ್ಲಿ ಓದುವ ನಾವು ಇಂಥ ಜಗಳವನ್ನು ಸದಾ ಮೇಲಿನವರ ಕಣ್ಣಿನಿಂದ ನೋಡಿ ರೂಢಿ. ಮೆಟ್ಟೂರಿನ ಆಚೆ ತಂಜಾವೂರಿನ ಗದ್ದೆಯಲ್ಲಿ ನಿಂತು ಕಾವೇರಿಯನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಮೆಕಾಂಗಿನ ಗುಂಟ ಇಳಿಯುವ ಪಯಣ ಮೇಲಿನವರ ಜಾಗದಿಂದ ಕೆಳಗಿನವರ ಜಾಗಕ್ಕೆ ನಮ್ಮನ್ನು ನಡೆಸಿಕೊಂಡು ಹೋಗುತ್ತದೆ. ಅಣೆಕಟ್ಟಿನ ಬಳಿ ಲಾವೋಸಿನ ಬಡತನದ ವಾದ ಸರಿಯೆನಿಸುತ್ತದೆ: ಕಡಲಿಲ್ಲದ, ಕೈಗಾರಿಕೆಯಿಲ್ಲದ ದೇಶಕ್ಕೆ ಮಾರಲು ಇರುವುದು ನೀರಿನ ಬಲವೊಂದೇ. ಸಾವಿರ ಕಿಲೋಮೀಟರ್ ಕೆಳಗೆ, ಮೀನು ಬರಲಿಲ್ಲವೆಂದು ಬಲೆ ಮಡಚಿಡುವ ದಂಡೆಯಲ್ಲಿ, ಅದೇ ವಾದವನ್ನು ಮತ್ತೆ ಹೇಳಲು ನಾಲಗೆ ಏಳುವುದಿಲ್ಲ. ನಾಲ್ಕು ರಾಜಧಾನಿಗಳನ್ನು ನಾಲ್ಕು ವಿಮಾನಗಳಲ್ಲಿ ನೋಡಿದವರಿಗೆ ಈ ಎರಡು ಸತ್ಯಗಳು ಒಂದೇ ಮನಸ್ಸಿನಲ್ಲಿ ಎದುರುಬದುರು ಕೂರುವ ಸಂದರ್ಭವೇ ಬರುವುದಿಲ್ಲ. ದಾರಿ ಹಿಡಿದು ಹೋಗಬೇಕೆಂಬ ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ.

ದಕ್ಷಿಣ ಲಾವೋಸಿನ ಚಂಪಾಸಕ್ ಬಳಿ, ನದಿಗೆ ಮುಖಮಾಡಿದ ಬೆಟ್ಟದ ಬುಡದಲ್ಲಿ ವಾಟ್ ಫು ದೇಗುಲವಿದೆ. ಬೆಟ್ಟದ ನೆತ್ತಿಯ ಬಂಡೆ ಲಿಂಗದಂತೆ ಕಾಣುವುದರಿಂದ ಕಾಂಬೋಡಿಯಾದ ಹಳೆಯ ಖ್ಮೇರರು ಅದನ್ನು ಲಿಂಗಪರ್ವತ ಎಂದರು. ಬಂಡೆಯ ಸಂದಿನಿಂದ ಜಿನುಗುವ ಊಟೆಯ ನೀರನ್ನು ಕಲ್ಲಿನ ದೋಣಿಯಲ್ಲಿ ಹಾಯಿಸಿ ಗರ್ಭಗುಡಿಯ ಲಿಂಗದ ಮೇಲೆ ಬೀಳುವಂತೆ ಮಾಡಿದ್ದರು. ಇಂದು ಒಳಗೆ ಬುದ್ಧನಿದ್ದಾನೆ, ಊಟೆ ಇನ್ನೂ ಜಿನುಗುತ್ತದೆ, ಜನ ಆ ನೀರನ್ನು ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಅಲ್ಲಿಂದ ಕೆಳಗೆ ನದಿ ನೂರಾರು ಕವಲಾಗಿ ಒಡೆಯುತ್ತದೆ. ಸಿ ಫಾನ್ ಡೊನ್, ಅಂದರೆ ನಾಲ್ಕು ಸಾವಿರ ದ್ವೀಪ. ಮುಂದೆ ಖೋನ್ ಜಲಪಾತ. 1866ರಲ್ಲಿ ದುದಾರ್ ದ ಲಾಗ್ರೆಯ ನೇತೃತ್ವದಲ್ಲಿ ಫ್ರೆಂಚರ ತಂಡವೊಂದು ಸೈಗಾನಿನಿಂದ, ಅಂದರೆ ಇಂದಿನ ಹೋ ಚಿ ಮಿನ್ ನಗರದಿಂದ, ಹೊರಟಿತು, ಮೆಕಾಂಗಿನ ಮೂಲಕ ಚೀನಾಕ್ಕೆ ಹಡಗಿನ ದಾರಿ ಸಿಕ್ಕೀತೆಂಬ ಆಸೆಯಿಂದ. ಈ ಬಂಡೆಗಳು ಆ ಆಸೆಗೆ ಉತ್ತರ ಹೇಳಿದವು. ಹಾಗಿದ್ದೂ ಪಟ್ಟು ಬಿಡದೆ ಫ್ರೆಂಚರು 1890ರ ದಶಕದಲ್ಲಿ ಡೊನ್ ಖೋನ್ ದ್ವೀಪದ ಮೇಲೆ ಪುಟ್ಟ ರೈಲುಹಳಿ ಹಾಕಿ, ಹಡಗುಗಳನ್ನೇ ಬಿಚ್ಚಿ ಹೇರಿ ಜಲಪಾತ ದಾಟಿಸಿದರು. ಆ ಕಾಲದ ತುಕ್ಕು ಹಿಡಿದ ಎಂಜಿನ್ ದ್ವೀಪದಲ್ಲಿ ಇನ್ನೂ ನಿಂತಿದೆ. ನಕ್ಷೆಯ ಮೇಲೆ ಗೆರೆ ಎಳೆದು, ನೆಲ ಆ ಗೆರೆಗೆ ಬಗ್ಗಬೇಕೆಂದು ಹಟ ಹಿಡಿದವರ ಗುರುತು ಅದು. ಪ್ರವಾಸದ ಯೋಜನೆಗೂ ಇಲ್ಲೊಂದು ಸೂಚನೆಯಿದೆ: ಬಿಗಿಯಾಗಿರಬೇಕಾದದ್ದು ಎರಡು ಮೂರು ಸಂಗತಿ ಮಾತ್ರ. ವೀಸಾ ತಾರೀಕು, ಗಡಿಯ ಹೆಸರು, ಮರಳುವ ವಿಮಾನ. ವಿಯೆಟ್ನಾಮಿನ ಇ-ವೀಸಾ 2023ರ ಆಗಸ್ಟಿನಿಂದ ತೊಂಬತ್ತು ದಿನದವರೆಗೆ ಸಿಗುತ್ತದೆ, ಆದರೆ ಅರ್ಜಿಯಲ್ಲೇ ಯಾವ ಗಡಿಯಿಂದ ಒಳಬರುತ್ತೀರೆಂದು ಬರೆಯಬೇಕು. ಅಂದಾಜಿಗೆ ವಿಮಾನ ನಿಲ್ದಾಣದ ಹೆಸರು ಬರೆದವರಿಗೆ ನದಿಯ ಗಡಿಯಲ್ಲಿ ಕಷ್ಟವಾದೀತು. ಲಾವೋಸಿನ ಕೀಪ್ ನೋಟುಗಳನ್ನು ಗಡಿಯಾಚೆ ಯಾರೂ ಮುಟ್ಟುವುದಿಲ್ಲ. ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತದೆ, ಆದರೆ ಅಂಚು ಹರಿದ ನೋಟನ್ನು ಅಂಗಡಿಯವಳು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಡುತ್ತಾಳೆ. ಇಷ್ಟನ್ನು ಮನೆಯಲ್ಲೇ ಕೂತು ಸರಿಮಾಡಿಕೊಂಡರೆ ಮಿಕ್ಕದ್ದನ್ನು ನದಿಗೆ ಬಿಡಬಹುದು.

‘ಇಷ್ಟೆಲ್ಲ ನಿಧಾನಕ್ಕೆ ರಜೆ ಎಲ್ಲಿದೆ?’ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ನೌಕರಿಯಲ್ಲಿರುವವರಿಗೆ ವರ್ಷಕ್ಕೊಮ್ಮೆ ಹತ್ತು–ಹದಿನೈದು ದಿನ ಸಿಕ್ಕರೆ ಹೆಚ್ಚು. ಆದರೆ ದಿನ ಕಡಿಮೆಯಿದ್ದಷ್ಟೂ ಜಿಗಿತ ಹೆಚ್ಚಿಸುವುದು ತಿರುಗುಮುರುಗಾದ ತರ್ಕ. ಹತ್ತೇ ದಿನವಿದ್ದರೆ ಚಂಪಾಸಕಿನಿಂದ ನೊಂ ಪೆನ್‌ವರೆಗೆ ಸಾಕು, ನದಿಯ ತುಂಡೂ ನದಿಯೇ. ಹನೋಯ್, ಹಾಲಾಂಗ್ ಕೊಲ್ಲಿ ತಪ್ಪಿಹೋದವು ಎಂಬ ಕೊರಗು ಉಳಿಯುತ್ತದೆ ನಿಜ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಮಂಡಿನೋವಿನ ಹಿರಿಯರಿಗೆ, ಪಥ್ಯವಿರುವವರಿಗೆ ದೋಣಿಯ ಹಲಗೆ ಏರಿಳಿಯುವುದು, ಸಿಕ್ಕದ್ದನ್ನು ಉಣ್ಣುವುದು ಆಗದ ಕೆಲಸ. ನಮ್ಮಲ್ಲಿ ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ತಂಡ ಪ್ರವಾಸಗಳಿವೆ. ಜೀವಮಾನದಲ್ಲಿ ಊರು ದಾಟದ ಎಷ್ಟೋ ತಾಯಂದಿರು ಅವುಗಳಿಂದಾಗಿ ಸಮುದ್ರದಾಚೆ ಹೋಗಿ ಬಂದಿದ್ದಾರೆ, ಅದು ಸಣ್ಣ ಸಂಗತಿಯಲ್ಲ. ನನ್ನ ತಕರಾರು ಅವರೊಂದಿಗಲ್ಲ. ಸ್ವಂತವಾಗಿ ಹೊರಡುವ ಶಕ್ತಿಯಿದ್ದೂ, ತಂಡ ಪ್ರವಾಸದ ಅದೇ ವೇಳಾಪಟ್ಟಿಯನ್ನು ತಮ್ಮ ಫೋನಿನಲ್ಲಿ ಕಟ್ಟಿಕೊಂಡು ಓಡುವವರೊಂದಿಗೆ.

ನೊಂ ಪೆನ್ ನಗರದ ಹಳೆಯ ಹೆಸರಿನಲ್ಲಿ ‘ಚಕ್ತೊಮುಖ್’ ಎಂಬ ಪದವಿದೆ. ನಮ್ಮ ಚತುರ್ಮುಖವೇ ಖ್ಮೇರ್ ಬಾಯಲ್ಲಿ ಹಾಗಾದದ್ದು. ಮೇಲಿನ ಮೆಕಾಂಗ್, ಕೆಳಗಿನ ಮೆಕಾಂಗ್, ಬಸ್ಸಾಕ್, ಟೊನ್ಲೆ ಸಾಪ್ ನಾಲ್ಕೂ ಅಲ್ಲಿ ಮುಖ ತಿರುಗಿಸಿ ನಿಂತಿವೆ. ಬೀದಿಯ ಫಲಕಗಳ ಮೇಲಿನ ಖ್ಮೇರ್ ಅಕ್ಷರಗಳು ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಹೊರಟವು. ಓದಲು ಬಾರದಿದ್ದರೂ ಅವುಗಳ ದುಂಡನೆಯ ತಲೆಕಟ್ಟು, ಕೆಳಗಿಳಿದ ಒತ್ತು ನೋಡಿದಾಗ ಕನ್ನಡದ ಕಣ್ಣು ಒಂದು ಕ್ಷಣ ತಡೆದು ನಿಲ್ಲುತ್ತದೆ. ಆದರೆ ಇಲ್ಲಿಯ ದೊಡ್ಡ ಅಚ್ಚರಿ ನೀರಿನದು. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಟೊನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು, ಮೇಲಿರುವ ಮಹಾಸರೋವರವನ್ನು ಬೇಸಿಗೆಯ ನಾಲ್ಕೈದು ಪಟ್ಟು ಹಿಗ್ಗಿಸುತ್ತದೆ. ಮುಳುಗಿದ ಕಾಡಿನ ಮರಗಳ ನಡುವೆ ಮೀನು ಬಲಿಯುತ್ತವೆ. ಮಳೆ ನಿಂತ ಮೇಲೆ ನೀರು ಮತ್ತೆ ದಿಕ್ಕು ಬದಲಿಸಿ ಕಡಲಿನ ಕಡೆ ಹೊರಡುತ್ತದೆ. ಆ ತಿರುವನ್ನು ಕಾಂಬೋಡಿಯಾದವರು ‘ಕಡಕ್’ ತಿಂಗಳ ಹುಣ್ಣಿಮೆಯಲ್ಲಿ ದೋಣಿಯೋಟ, ದೀಪದ ತೆಪ್ಪಗಳೊಂದಿಗೆ ಆಚರಿಸುತ್ತಾರೆ. ಕಡಕ್ ಎಂದರೆ ಕಾರ್ತಿಕ. ಅಂಗ್ಕೋರಿನ ಗೋಪುರಗಳನ್ನು ನೋಡದೆ ಬರಬೇಕೇ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಅಂಗ್ಕೋರ್ ಈ ದಾರಿಗೆ ಹೊರಗಿನದಲ್ಲ, ಆ ಸಾಮ್ರಾಜ್ಯ ಉಂಡದ್ದು ಇದೇ ಸರೋವರದ ಮೀನು, ಇದೇ ನೆರೆಯ ಬಯಲಿನ ಭತ್ತ. ನೀರು ಹಿಂದಕ್ಕೆ ಹರಿದ ದಾರಿಯಲ್ಲೇ ಹೋದರೆ ಅಂಗ್ಕೋರ್ ಸಿಗುತ್ತದೆ. ಕಲ್ಲಿನ ಉಬ್ಬುಚಿತ್ರಗಳಲ್ಲಿ ಯುದ್ಧ, ಸಮುದ್ರಮಥನಗಳ ಜೊತೆಗೆ ಮೀನುಗಳು ಏಕೆ ಅಷ್ಟು ಎಂಬುದನ್ನು ಆಗ ಬೇರೆ ಕೇಳಬೇಕಿಲ್ಲ.

ಅಗ್ಗ ಎಂಬ ಪದದ ಬಗ್ಗೆ ಒಂದು ಮಾತು ಉಳಿದಿದೆ. ಎಲ್ಲಕ್ಕಿಂತ ನೋಯಿಸುವ ಆಕ್ಷೇಪ ಇದು: ನಮ್ಮ ಪ್ರವಾಸ ಅಗ್ಗವಾಗಿರುವುದು ಅವರ ದುಡಿಮೆ ಅಗ್ಗವಾಗಿರುವುದರಿಂದ ಅಲ್ಲವೇ? ಹೌದು. ನೊಂ ಪೆನ್ನಿನ ಟುಕ್-ಟುಕ್ ಚಾಲಕನ ಜೊತೆ ನಾಣ್ಯದಷ್ಟಕ್ಕೆ ಚೌಕಾಸಿ ಮಾಡಿ ಗೆದ್ದದ್ದನ್ನು ಉಳಿತಾಯದ ಲೆಕ್ಕಕ್ಕೆ ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಉಳಿಸಬೇಕಾದ್ದು ಜಿಗಿತದಲ್ಲಿ, ಕೈಯಿಂದ ಕೈಗೆ ಹೋಗುವ ದುಡ್ಡಿನಲ್ಲಲ್ಲ. ವಿಮಾನಕ್ಕೆ, ಮಧ್ಯವರ್ತಿಗೆ ಹೋಗಬೇಕಾಗಿದ್ದ ಹಣ ದೋಣಿಯವನ ಹೆಂಡತಿ ಮಾಡಿಕೊಡುವ ನೂಡಲ್ಸಿಗೆ, ದ್ವೀಪದ ಮನೆಯ ಕೋಣೆಗೆ ಹೋದರೆ ಅದೇ ಬಜೆಟ್ಟು ಬೇರೆ ಕೆಲಸ ಮಾಡಿದಂತಾಗುತ್ತದೆ. ಇದರಿಂದ ಅಸಮಾನತೆ ಅಳಿಯುತ್ತದೆಂದು ನಾನು ಹೇಳಲಾರೆ. ಒಂದೇ ಊರಿನಲ್ಲಿ ನಾಲ್ಕು ದಿನ ನಿಂತವರಿಗೆ ದುಡ್ಡು ಪಡೆಯುವವರ ಮುಖ ಗೊತ್ತಿರುತ್ತದೆ, ಆಗ ಚೌಕಾಸಿಗೆ ಬಾಯಿ ತೆರೆಯುವುದು ಕಷ್ಟವಾಗುತ್ತದೆ, ಅಷ್ಟು ಮಾತ್ರ.

ನೊಂ ಪೆನ್ನಿನಿಂದ ದೋಣಿ ಚೌ ಡೊಕ್ ಕಡೆಗೆ ಹೊರಡುತ್ತದೆ. ಗಡಿಯ ಕಚೇರಿ ನದಿಯ ದಂಡೆಯ ಮೇಲೆಯೇ ಇದೆ, ಮೊಹರು ಒತ್ತಿಸಿಕೊಂಡು ಮತ್ತೆ ನೀರಿಗೆ. ವಿಯೆಟ್ನಾಮಿನವರು ಇಲ್ಲಿಂದ ಮುಂದಿನ ನದಿಯನ್ನು ಒಂಬತ್ತು ಡ್ರ್ಯಾಗನ್ ಎನ್ನುತ್ತಾರೆ. ಮುಖಜಭೂಮಿಯ ಕಾಲುವೆಗಳ ಎರಡೂ ಬದಿಗೆ ಭತ್ತ, ತೆಂಗು, ಹಣ್ಣಿನ ತೋಟ. ಕರಾವಳಿಯಿಂದ ಹೋದವರಿಗೆ ನೇತ್ರಾವತಿಯದೋ ಶರಾವತಿಯದೋ ಅಳಿವೆಯನ್ನು ನೂರು ಪಟ್ಟು ಹಿಗ್ಗಿಸಿದಂತೆ ಕಾಣಬಹುದು. ಮೇಲಿನ ಅಣೆಕಟ್ಟುಗಳು ಹಿಡಿದಿಟ್ಟ ಹೂಳು ಇಲ್ಲಿಗೆ ಬರುವುದಿಲ್ಲ, ದಂಡೆಗಳು ಕುಸಿಯುತ್ತಿವೆ, ಬೇಸಿಗೆಯಲ್ಲಿ ಉಪ್ಪುನೀರು ಕಾಲುವೆಗಳ ಒಳಗೆ ಏರಿ ಬರುತ್ತದೆ. ಕಾನ್ ತೊ ಹತ್ತಿರದ ಕಾಯ್ ರಾಂಗಿನಲ್ಲಿ ಇನ್ನೂ ಬೆಳಗಿನ ಜಾವ ನೀರಿನ ಮೇಲೆ ಸಂತೆ ನೆರೆಯುತ್ತದೆ, ರಸ್ತೆ, ಸೇತುವೆಗಳು ಬಂದ ಮೇಲೆ ಮೊದಲಿನಷ್ಟು ದೋಣಿಗಳಿಲ್ಲ. ಕೂಗಿ ಮಾರಿದರೆ ಎಂಜಿನ್ನುಗಳ ಸದ್ದಿನಲ್ಲಿ ಕೇಳಿಸದು. ಅದಕ್ಕೇ ಪ್ರತಿ ದೋಣಿಯ ಮೂತಿಯಲ್ಲಿ ಉದ್ದನೆಯ ಗಳು ನೆಟ್ಟು, ಏನು ಮಾರುತ್ತಾರೋ ಅದನ್ನೇ ತುದಿಗೆ ಕಟ್ಟುತ್ತಾರೆ. ಅನಾನಸ್ ಇದ್ದರೆ ಅನಾನಸ್, ಕುಂಬಳವಿದ್ದರೆ ಕುಂಬಳ. ದೂರದಿಂದಲೇ ಗಳು ನೋಡಿ ಕೊಳ್ಳುವವರು ದೋಣಿ ತಿರುಗಿಸುತ್ತಾರೆ. ಒಣಗಿದ ಗರಿಯೊಂದನ್ನು ಮಾತ್ರ ಕಟ್ಟಿದ್ದರೆ ಆ ದೋಣಿಯಲ್ಲಿ ಮಾರುವ ಸರಕೇನೂ ಇಲ್ಲ, ದೋಣಿಯೇ ಮಾರಾಟಕ್ಕಿದೆ ಎಂದರ್ಥ.